ಒಂದೇ ಪಿಪೆಟ್ಟಿನ ಮೇಷ್ಟ್ರು

ಮೊನ್ನೆ ಮಂಡ್ಯದಲ್ಲಿ ನಡೆದ ಸಂತಾಪಸಭೆಯಲ್ಲಿ ಮಾತನಾಡಿದವರೆಲ್ಲರೂ ನಮ್ಮ ರಸಾಯನಶಾಸ್ತ್ರದ ಮೇಷ್ಟ್ರನ್ನು ಸಮಾಜ ಸುಧಾರಕರೆಂದು ಹೊಗಳಿದರು. ಬದುಕಿದ್ದು ಈ ಮಾತನ್ನು ಕೇಳಿದ್ದರೆ ಅವರು ಕೋಟಿನ ಜೇಬಿನಿಂದ ಆಮ್ಲ ಕ್ಷಾರಗಳನ್ನು ಪತ್ತೆ ಹಚ್ಚುವ ದಾಸವಾಳದ ಕಾಗದದ ಚೂರೊಂದನ್ನು ತೆಗೆದು, ಭಾಷಣಕಾರರ ನಾಲಿಗೆಯ ಮೇಲಿಟ್ಟು, ಬಣ್ಣ ಏನಾಯಿತೆಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸಮಾಜ ಸುಧಾರಣೆಯ ಕರಪತ್ರಗಳನ್ನು ಊರೂರಿಗೆ ಹಂಚಿದವನು ನಾನು. ನಾನು ಕೊಟ್ಟ ಕರಪತ್ರಗಳನ್ನು ಅವರು ತಪ್ಪದೆ ಇಸಿದುಕೊಂಡು ಬುರೆಟ್ಟೆಂಬ, ಹನಿ ಬಿಡುವ ಗಾಜಿನ ಕೊಳವೆಯ ಕೆಳಗೆ ಬೋರಲಾಗಿ ಹಾಸುತ್ತಿದ್ದರು. ಬಿಳಿಯ ಹಾಸಿನ ಮೇಲೆ ದ್ರಾವಣದ ಬಣ್ಣ ತಿರುಗುವುದು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಅವರ ಸಮಜಾಯಿಷಿ. ಮುಂದಿನ ಸಲ ಸ್ವಲ್ಪ ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಬೇಕೆಂಬುದು ಕೋರಿಕೆ.

ಎರಡನೆಯ ಮಹಾಯುದ್ಧ ಆರಂಭವಾಗುವುದಕ್ಕೆ ಸ್ವಲ್ಪ ಮೊದಲು ನಾನು ಮೈಸೂರಿನಲ್ಲಿ ಓದು ಮುಗಿಸಿ, ಮಂಡ್ಯದ ಹೈಸ್ಕೂಲೊಂದರಲ್ಲಿ ಚರಿತ್ರೆಯ ಉಪಾಧ್ಯಾಯನಾಗಿ ಸೇರಿದೆ. ಅವರು ಅಲ್ಲಿ ಬಹುಕಾಲದಿಂದ ರಸಾಯನಶಾಸ್ತ್ರ ಹೇಳುತ್ತಿದ್ದರು. ಹಣೆಯ ಮೇಲೆ ಗೆರೆ ತಪ್ಪದ ನಾಮ, ಜರಿ ಮಾಸಿದ ರುಮಾಲು, ಕಚ್ಚೆಪಂಚೆ, ಅದರ ಮೇಲೊಂದು ಕರಿಯ ಕೋಟು. ಕೋಟಿನ ತೋಳುಗಳಲ್ಲಿ ಆಮ್ಲದ ಹನಿಗಳು ಕೊರೆದ ರಂಧ್ರಗಳಿದ್ದವು. ಬೇರೆಯವರು ಪದಕಗಳನ್ನು ತೋರಿಸುವಂತೆ ಅವರು ಆ ರಂಧ್ರಗಳನ್ನು ಬೆರಳಿಟ್ಟು ತೋರಿಸುತ್ತಿದ್ದರು: ಇದು ಗಂಧಕಾಮ್ಲ, ಇದು ನೈಟ್ರಿಕ್, ಇದು ಮಾತ್ರ ಇಲಿ. ಮದ್ದೂರು, ಮಳವಳ್ಳಿಗಳಿಂದ ಬಂದು ಓದುತ್ತಿದ್ದ ಹುಡುಗರಿಗೆ ಅವರು ಆಸಿಡ್ ಮೇಷ್ಟ್ರು. ಹೆಸರು ಹಿಡಿದು ಕರೆದವರನ್ನು ನಾನು ಕೇಳಿಲ್ಲ, ಆದ್ದರಿಂದ ಇಲ್ಲಿಯೂ ಹೆಸರು ಬೇಡ.

ಲೋಕವೆಲ್ಲವೂ ಅವರಿಗೆ ಆಮ್ಲ, ಕ್ಷಾರ ಅಥವಾ ಉಪ್ಪು. ಹೆಡ್‌ಮಾಸ್ಟರು ಉಪ್ಪು, ಆಮ್ಲವೂ ಕ್ಷಾರವೂ ಹೋರಾಡಿ ಸುಸ್ತಾದ ಮೇಲೆ ತಳದಲ್ಲಿ ಉಳಿಯುವ ವಸ್ತು. ನನ್ನನ್ನು ಅವರು ನೈಟ್ರಿಕ್ ಆಮ್ಲದ ಗುಂಪಿಗೆ ಸೇರಿಸಿದ್ದರು. ಕಾರಣ ಕೇಳಿದಾಗ, ಮುಚ್ಚಳ ತೆಗೆದರೆ ಸಾಕು, ಹೊಗೆ ಎಂದರು. ಮಂಡ್ಯದ ಬಾವಿಯ ನೀರನ್ನಂತೂ ಅವರು ವೈಯಕ್ತಿಕ ಶತ್ರುವಿನಂತೆ ಕಾಣುತ್ತಿದ್ದರು. ಅದು ಹುಟ್ಟಾ ಕ್ಷಾರ, ತಮ್ಮ ಪ್ರಯೋಗಗಳನ್ನು ಕೆಡಿಸುವುದಕ್ಕೆಂದೇ ನೆಲದೊಳಗೆ ಕಾದು ಕುಳಿತಿದೆ ಎಂಬುದು ಅವರ ನಂಬಿಕೆ. ಒಂದು ಬಾಟಲಿ ಬಟ್ಟಿ ಇಳಿಸಿದ ಶುದ್ಧ ನೀರು ಬೇಕೆಂದು ಅವರು ಪ್ರತಿ ವರ್ಷ ಕೇಳುವುದು, ಊರ ತುಂಬ ನೀರಿರುವಾಗ ನೀರಿಗೆ ಹಣವೇಕೆಂದು ಶಾಲಾ ಸಮಿತಿ ನಗುವುದು, ಎರಡೂ ನಿಯಮದಂತೆ ನಡೆದುಕೊಂಡು ಬಂದಿದ್ದವು.

ಒಮ್ಮೆ ಅವರೊಡನೆ ಮದ್ದೂರಿಗೆ ಒಂದು ಮದುವೆಗೆ ಹೋಗಿದ್ದೆ. ಹಸೆಯ ಮೇಲೆ ಕುಳಿತ ವಧೂವರರಿಗೆ ಮುತ್ತೈದೆಯರು ಆರತಿ ಎತ್ತುತ್ತಿದ್ದರು. ಅರಿಶಿನದ ನೀರಿಗೆ ಸುಣ್ಣ ಬೆರೆಸಿದ ಕೆಂಪು ನೀರು ತಟ್ಟೆಯಲ್ಲಿ ಹೊಳೆಯುತ್ತಿತ್ತು. ಇವರು ಪಕ್ಕದಲ್ಲಿದ್ದ ಹುಡುಗನಿಗೆ ಅರಿಶಿನವು ಕ್ಷಾರದಲ್ಲಿ ಕೆಂಪಾಗುವ ಕ್ರಮವನ್ನು ವಿವರಿಸುತ್ತ, ವಿವರಣೆಯ ಭರದಲ್ಲಿ ಪಾನಕಕ್ಕೆಂದು ಕತ್ತರಿಸಿಟ್ಟಿದ್ದ ನಿಂಬೆಯ ಹೋಳನ್ನು ಎತ್ತಿ ಆರತಿಯ ತಟ್ಟೆಗೆ ಹಿಂಡಿಬಿಟ್ಟರು. ಕೆಂಪು ನೀರು ಎಲ್ಲರ ಕಣ್ಣೆದುರಿಗೇ ಹಳದಿಯಾಯಿತು. ವರನ ತಾಯಿ ಕಂಬ ಹಿಡಿದುಕೊಂಡರು. ವಾಲಗದವನು ಊದುವುದನ್ನು ನಿಲ್ಲಿಸಿದ. ಅಪಶಕುನವೆಂದು ಎರಡು ಕಡೆಯವರೂ ಎದ್ದು ನಿಂತಾಗ ಇವರು ಮಾತ್ರ ಶಾಂತರಾಗಿ ಎಲೆಯಡಿಕೆಯ ತಟ್ಟೆಯಿಂದ ಒಂದು ಚಿಟಿಕೆ ಸುಣ್ಣ ತೆಗೆದು ಹಾಕಿ, ನೀರನ್ನು ಮತ್ತೆ ಕೆಂಪು ಮಾಡಿ, ಈ ಕ್ರಿಯೆಯನ್ನು ಎಷ್ಟು ಸಲ ಬೇಕಾದರೂ ಹಿಂದೆ ಮುಂದೆ ನಡೆಸಬಹುದೆಂದು ಬೀಗರಿಗೆ ಭರವಸೆ ಕೊಟ್ಟರು. ನಮಗೆ ಅಂದು ಊಟ ಬಹಳ ಬೇಗ ಬಡಿಸಿದರು.

ಇಷ್ಟು ಹೇಳಿದ ಮೇಲೆ ಅವರ ವಿಷಯದಲ್ಲಿ ನಾನು ಒಪ್ಪಲಾಗದ ಸಂಗತಿಗಳನ್ನೂ ಹೇಳಬೇಕು. ಅವರು ಮನೆಯಿಂದ ತಾಮ್ರದ ಕೂಜದಲ್ಲಿ ನೀರು ತರುತ್ತಿದ್ದರು. ಹೊರಗಿನ ಒಂದು ತೊಟ್ಟನ್ನೂ ಮುಟ್ಟುತ್ತಿರಲಿಲ್ಲ. ಆ ನೀರನ್ನು ಕೂಡ ತುಟಿಗೆ ಸೋಕಿಸದೆ ಎತ್ತಿ ಹೊಯ್ದುಕೊಂಡು ಕುಡಿಯುತ್ತಿದ್ದರು. ಸಂಜೆ ಮನೆಗೆ ಹೋದೊಡನೆ ಸ್ನಾನ. ಶಾಲೆಯ ಮೈಲಿಗೆಯನ್ನು ತೊಳೆದುಕೊಂಡ ಮೇಲೆಯೇ ಒಳಗೆ ಪ್ರವೇಶ. ಇದು ತಪ್ಪೆಂದು ನಾನು ಅವರ ಎದುರಿಗೇ ಹೇಳಿದ್ದೇನೆ. ನಮ್ಮ ಶಾಲೆಯ ಅಂಗಳದಲ್ಲಿ ಕೆಲವು ಮಕ್ಕಳು ಮಡಕೆಯನ್ನು ಮುಟ್ಟುವಂತಿರಲಿಲ್ಲ. ಜವಾನ ಎತ್ತರದಿಂದ ಹೊಯ್ದದ್ದನ್ನು ಅವರು ಬೊಗಸೆಯಲ್ಲಿ ಹಿಡಿದು ಕುಡಿಯಬೇಕಾಗಿತ್ತು. ಇದು ಅಪರಾಧವೆಂದೂ ಹೇಳಿದ್ದೇನೆ. ಮೇಷ್ಟ್ರು ಕೇಳಿಸಿಕೊಂಡು, ಬುರೆಟ್ಟಿನ ತಿರುಗಣೆಗೆ ಹಚ್ಚಲು ನನ್ನ ಬಳಿ ಸ್ವಲ್ಪ ವ್ಯಾಸಲೀನ್ ಇದೆಯೇ ಎಂದು ವಿಚಾರಿಸಿದರು.

ಆ ಬೊಗಸೆಯ ಮಕ್ಕಳಲ್ಲಿ ಒಬ್ಬ ಸಿದ್ದಯ್ಯ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಸಮೀಪದವನು. ಊರು ತನ್ನಿಂದ ಹೊರಗಿಟ್ಟ ಕೇರಿಯಿಂದ ಹೈಸ್ಕೂಲಿನ ಕೊನೆಯ ತರಗತಿಯವರೆಗೆ ಬಂದವನು. ಅವನ ಸೋದರಮಾವ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕಸ ಗುಡಿಸುತ್ತಿದ್ದ. ಅಲ್ಲಿಯ ಬ್ಯಾಟರಿ ಕೋಣೆಯಲ್ಲಿ ಆಮ್ಲದ ಮಟ್ಟ ನೋಡಿಕೊಳ್ಳುವ ಕೆಲಸಕ್ಕೆ ರಸಾಯನಶಾಸ್ತ್ರದಲ್ಲಿ ತೇರ್ಗಡೆಯಾದ ಹುಡುಗನೊಬ್ಬ ಬೇಕಾಗಿದ್ದಾನೆಂದು ಅವನು ಹೇಳಿ ಕಳಿಸಿದ್ದ. ಸಿದ್ದಯ್ಯನ ಬದುಕೆಲ್ಲ ಆ ಒಂದು ತೇರ್ಗಡೆಯ ಮೇಲೆ ನಿಂತಿತ್ತು. ತೇರ್ಗಡೆಯಾಗಲು ಹೊರಗಿನಿಂದ ಬರುವ ಪರೀಕ್ಷಕರ ಎದುರಿಗೆ ತನ್ನ ಕೈಯಾರೆ ಆಮ್ಲವನ್ನು ಕ್ಷಾರದಿಂದ ತೂಗಿ ತೋರಿಸಬೇಕಾಗಿತ್ತು.

ತೂಗುವ ಕ್ರಮ ಹೀಗೆ. ಪಿಪೆಟ್ಟೆಂಬ ಗಾಜಿನ ಕೊಳವೆಯ ತುದಿಯನ್ನು ಆಮ್ಲದಲ್ಲಿ ಅದ್ದಿ, ಮೇಲಿನ ತುದಿಗೆ ಬಾಯಿಟ್ಟು ಗೆರೆಯವರೆಗೆ ಹೀರಿ, ಬೆರಳಿನಿಂದ ಮುಚ್ಚಿ, ಸೀಸೆಗೆ ಇಳಿಸಬೇಕು. ಅದಕ್ಕೆ ಅರಿಶಿನದ ಅರ್ಕದ ಹನಿ ಹಾಕಬೇಕು. ಬೇರೆ ಸೂಚಕಗಳು ಯುದ್ಧದ ದೆಸೆಯಿಂದ ಬರುತ್ತಿರಲಿಲ್ಲ. ಆ ಹಳದಿ ದ್ರಾವಣಕ್ಕೆ ಮೇಲಿನ ಬುರೆಟ್ಟಿನಿಂದ ಕ್ಷಾರವನ್ನು ಹನಿಹನಿಯಾಗಿ ಬಿಡುತ್ತ ಹೋದರೆ, ಆಮ್ಲವೆಲ್ಲ ತೀರಿದ ಕ್ಷಣದ ಮುಂದಿನ ಹನಿಗೆ ಅದು ಕುಂಕುಮದ ಬಣ್ಣಕ್ಕೆ ತಿರುಗುತ್ತದೆ. ಖರ್ಚಾದ ಕ್ಷಾರವೇ ಆಮ್ಲದ ಅಳತೆ. ಗಾಜಿನ ಸಾಮಾನೂ ಹಡಗಿನಲ್ಲಿ ಬರುವುದು ನಿಂತು, ಹಳೆಯವು ಒಂದೊಂದಾಗಿ ಒಡೆದು, ಕೊನೆಗೆ ಶಾಲೆಯಲ್ಲಿ ಉಳಿದದ್ದು ಒಂದೇ ಪಿಪೆಟ್ಟು. ಇಡೀ ತರಗತಿಯ ಬಾಯಿ ಅದೊಂದಕ್ಕೇ ತಗುಲಬೇಕು.

ಸುದ್ದಿ ಊರಿಗೆ ಮುಟ್ಟಲು ತಡವಾಗಲಿಲ್ಲ. ಶಾಲಾ ಸಮಿತಿಯ ಇಬ್ಬರು ಪ್ರಯೋಗಶಾಲೆಗೆ ಬಂದರು. ಒಬ್ಬರು ಯಲಿಯೂರು ಕಡೆಯ ಪಟೇಲರು. ಅವರ ಮಗ ಬೋರೇಗೌಡ ಆ ತರಗತಿಯಲ್ಲಿದ್ದ. ಇನ್ನೊಬ್ಬರು ಪೇಟೆಯ ವಕೀಲರು; ಅವರ ಮಗ ಸೀನುವೂ ಇದ್ದ. ಪಟೇಲರು ಮಾತನ್ನು ಸುತ್ತಿ ಬಳಸುವವರಲ್ಲ.

"ಓದ್‌ಬ್ಯಾಡ ಅಂತ ನಾವೇನಾರ ಅಂದೋವಾ ಮೇಷ್ಟ್ರೇ? ಓದ್ಲಿ. ಆದ್ರೆ ಒಂದೇ ಕೊಳ್ವೆಗೆ ಎಲ್ರೂ ಬಾಯಿಕ್ಕದು ಅಂದ್ರೆ ಎಂಗೆ? ನಮ್ಮಟ್ಟೀಲಿ ನಾನು ಕುಡ್ದ ಲೋಟ್ವ ನಮ್ಮವ್ವನೇ ಮುಟ್ಟಕಿಲ್ಲ."

ವಕೀಲರು ಇದು ದ್ವೇಷದ ಮಾತಲ್ಲ, ಪದ್ಧತಿಯ ಮಾತು ಎಂದು ತಿದ್ದುಪಡಿ ಮಾಡಿದರು. ದ್ವೇಷವು ನಮ್ಮ ನಾಡಿನಲ್ಲಿ ಯಾವಾಗಲೂ ಆ ಹೆಸರಿನಲ್ಲಿಯೇ ಓಡಾಡುತ್ತದೆ. ಸಿದ್ದಯ್ಯ ದೂರ ನಿಂತು ನೋಡಲಿ, ನೋಡಿದ್ದನ್ನು ಬರೆಯಲಿ ಎಂಬುದು ಅವರ ಸಲಹೆ. ಮೇಷ್ಟ್ರು ಅದಕ್ಕೆ ಮಾತ್ರ ಒಪ್ಪಲಿಲ್ಲ. ಕೈಯಾರೆ ಮಾಡದವನಿಗೆ ಪರೀಕ್ಷೆಯಲ್ಲಿ ಅಂಕವಿಲ್ಲವೆಂದರು. ಬೇಕಾದರೆ ಅವನು ಎಲ್ಲರಿಗಿಂತ ಕೊನೆಯಲ್ಲಿ ಮಾಡಲಿ ಎಂದರು. ಇಬ್ಬರಿಗೂ ಅದು ಹಿಡಿಸಿತು. ವಕೀಲರು ಉಳಿದ ನಿಯಮಗಳನ್ನು ನಿಂತಲ್ಲೇ ರಚಿಸಿದರು: ಮೇಲಿನವರು ಮೊದಲು, ಕೆಳಗಿನವರು ಅನಂತರ. ಒಬ್ಬನ ಬಾಯಿಗೂ ಇನ್ನೊಬ್ಬನ ಬಾಯಿಗೂ ನಡುವೆ ಜವಾನ ಚೊಂಬಿನಲ್ಲಿ ಬಾವಿಯ ನೀರು ತಂದು ಪಿಪೆಟ್ಟನ್ನು ತೊಳೆಯತಕ್ಕದ್ದು. ಸಿದ್ದಯ್ಯನಿಗೆ ತೊಳೆದುಕೊಡುವ ಅಗತ್ಯವಿಲ್ಲ. ಅವನಿಗೆ ಯಾರ ಎಂಜಲಾದರೇನು?

ಮೇಷ್ಟ್ರು ಒಂದು ಆಕ್ಷೇಪವೆತ್ತಿದರು. ಪಿಪೆಟ್ಟಿನಲ್ಲಿ ನೀರಿನ ಪಸೆ ಉಳಿದರೆ ಹೀರಿದ ಆಮ್ಲ ತೆಳುವಾಗುತ್ತದೆ. ಯಾವುದನ್ನು ಅಳೆಯಬೇಕೋ ಅದರಿಂದಲೇ ಅದನ್ನು ತೊಳೆಯಬೇಕು. ಯುದ್ಧದ ಕಾಲದಲ್ಲಿ ಪ್ರತಿಯೊಬ್ಬನಿಗೂ ನೀರು ಸೋಕಿಸಿ ಮತ್ತೆ ಆಮ್ಲದಲ್ಲಿ ತೊಳೆಯುವಷ್ಟು ಆಮ್ಲವಿಲ್ಲ. ಆರಂಭದಲ್ಲಿ ಒಮ್ಮೆ ಆಮ್ಲದಲ್ಲಿ ತೊಳೆದು ಕೈಯಿಂದ ಕೈಗೆ ದಾಟಿಸುವುದೇ ಕ್ರಮ. ವಕೀಲರು ತಲೆಯಾಡಿಸಿ, ಎಂಜಲಿಗೆ ನೀರೇ ಶಾಸ್ತ್ರ, ಆಮ್ಲ ಯಾವ ಸ್ಮೃತಿಯಲ್ಲಿದೆ ಎಂದು ಕೇಳಿದರು. ಮೇಷ್ಟ್ರಿಗೆ ಸ್ಮೃತಿ ಗೊತ್ತಿರಲಿಲ್ಲ. ಆಗಲಿ, ತೊಳೆಯಿರಿ ಎಂದರು.

ನನಗೆ ಆ ದಿನ ಬಂದ ಕೋಪ ಇನ್ನೂ ಪೂರ್ಣವಾಗಿ ಇಳಿದಿಲ್ಲ. ಹುಡುಗನೊಬ್ಬನನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸುವುದಕ್ಕೆ ಸಮ್ಮತಿಸುವುದೆಂದರೆ ಆ ಸಾಲಿಗೇ ಸಮ್ಮತಿಸಿದಂತೆ ಎಂದು ಉಪಾಧ್ಯಾಯರ ಕೋಣೆಯಲ್ಲಿ ದೀರ್ಘವಾಗಿ ವಾದಿಸಿದೆ. ಹೆಡ್‌ಮಾಸ್ಟರು ಎರಡು ಕಡೆಗೂ ತಲೆಯಾಡಿಸಿದರು. ಮೇಷ್ಟ್ರು ನನ್ನ ಮಾತು ಮುಗಿಯುವವರೆಗೆ ಕಾದು, ಅವನು ಒಳಗಂತೂ ಇರುತ್ತಾನಲ್ಲ ಎಂದಷ್ಟೇ ಹೇಳಿ ಗಂಟೆ ಹೊಡೆಯಿತೆಂದು ಎದ್ದರು.

ಅಂದಿನಿಂದ ಪ್ರಯೋಗಶಾಲೆಯಲ್ಲಿ ನಡೆದದ್ದು ರಸಾಯನಶಾಸ್ತ್ರವೋ ಶ್ರಾದ್ಧವೋ ಹೇಳುವುದು ಕಷ್ಟ. ಜವಾನ ಚೊಂಬು ಹಿಡಿದು ಮೇಜಿನಿಂದ ಮೇಜಿಗೆ ನಡೆಯುವನು. ಹುಡುಗರು ಸರದಿಯಂತೆ ಮುಂದೆ ಬಂದು ತೊಳೆಸಿಕೊಂಡು ಹೀರುವರು. ಬೋರೇಗೌಡ ಹೀರುವ ಆವೇಶಕ್ಕೆ ಆಮ್ಲ ಗೆರೆ ದಾಟಿ ಬಾಯಿಗೆ ಬಂದು, ಆ ದಿನವೆಲ್ಲ ಹುಣಸೆಕಾಯಿ ತಿಂದವನ ಮುಖ ಮಾಡಿಕೊಂಡಿರುವನು. ಒಬ್ಬರ ಲೆಕ್ಕವೂ ಇನ್ನೊಬ್ಬರ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಹುಡುಗರು ಅಂಗಡಿಯ ಕಲಬೆರಕೆ ಅರಿಶಿನವನ್ನು ದೂರಿದರು. ಮೇಷ್ಟ್ರು ಪ್ರತಿಯೊಂದು ತಪ್ಪು ಲೆಕ್ಕವನ್ನೂ ನೋಡಿ "ನೀರು" ಎಂದು ಒಂದೇ ಪದ ಹೇಳುತ್ತಿದ್ದರು. ಪಾಪ, ಜವಾನ ಅದನ್ನು ಕೇಳಿ ಮುಂದಿನವನಿಗೆ ಇನ್ನಷ್ಟು ಧಾರಾಳವಾಗಿ ತೊಳೆದುಕೊಡುತ್ತಿದ್ದ.

ಪರೀಕ್ಷೆಯ ದಿನ ಬಂತು. ಹೊರಗಿನ ಪರೀಕ್ಷಕರು ಒಣಗಿದ ಕಡ್ಡಿಯಂತಹ ಮನುಷ್ಯ. ತಾವೇ ಆಮ್ಲ ತಂದಿದ್ದರು; ಅದರ ಅಳತೆಯನ್ನು ತಾವು ಮೊದಲೇ ತಮ್ಮ ಪಿಪೆಟ್ಟಿನಿಂದ ತೂಗಿ ಮನಸ್ಸಿನಲ್ಲಿಟ್ಟುಕೊಂಡಿದ್ದರು. ನನ್ನನ್ನು ಕೋಣೆಯ ಮೇಲ್ವಿಚಾರಣೆಗೆ ನಿಲ್ಲಿಸಿದ್ದರು. ಪಟೇಲರೂ ವಕೀಲರೂ ನಿಯಮಗಳು ಸರಿಯಾಗಿ ನಡೆಯುತ್ತವೆಯೇ ಎಂದು ನೋಡಲು ಜಗುಲಿಯ ಕಿಟಕಿಯ ಬಳಿ ನಿಂತಿದ್ದರು. ಸೀನುವಿನಿಂದ ಮೊದಲಾಗಿ ಸಾಲು ನಡೆಯಿತು, ಚೊಂಬು ನಡೆಯಿತು. ಪರೀಕ್ಷಕರು ತಮ್ಮ ಮೇಜಿನ ಮೇಲೆ ಬಗ್ಗಿ ಹುಡುಗರ ಹೆಸರು ಬರೆದುಕೊಳ್ಳುತ್ತಿದ್ದರು. ಎಲ್ಲರೂ ಮುಗಿಸಿದ ಮೇಲೆ ಪಿಪೆಟ್ಟು ಆಮ್ಲದ ಪಸೆಯೊಡನೆ ಹಾಗೆಯೇ ಸಿದ್ದಯ್ಯನ ಕೈಗೆ ಬಂತು. ಅವನೂ ಮುಗಿಸಿದ. ಪರೀಕ್ಷಕರು ಲೆಕ್ಕಗಳನ್ನೆಲ್ಲ ನೋಡಿ ಕನ್ನಡಕ ತೆಗೆದರು. ಎಲ್ಲರ ಆಮ್ಲವೂ ತೆಳು, ಒಬ್ಬನದು ಮಾತ್ರ ತಮ್ಮ ಅಳತೆಗೆ ಹನಿ ತಪ್ಪದೆ ಕೂಡುತ್ತದೆ ಎಂದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, ಈ ಹುಡುಗನಿಗೆ ಉತ್ತರ ಹೇಳಿಕೊಟ್ಟವರು ಯಾರು ಎಂದು ಕೇಳಿದರು.

ಇದನ್ನೂ ಅನ್ಯಾಯವೆಂದೇ ಬರೆಯುತ್ತೇನೆ. ಎಲ್ಲರೂ ತಪ್ಪಿ ಕೊನೆಯವನೊಬ್ಬನೇ ಸರಿಯಾದರೆ ಅವನೇ ಕಳ್ಳನೆಂದು ಊಹಿಸುವುದಕ್ಕೆ ಓದಿದವರೂ ಅಂಜುವುದಿಲ್ಲ. ಸಿದ್ದಯ್ಯ ಪಿಪೆಟ್ಟನ್ನು ಬಿಡದೆ ಹಿಡಿದುಕೊಂಡಿದ್ದ. ಕಳ್ಳತನದ ಮಾತು ಬಂದರೆ ತೇರ್ಗಡೆಯಷ್ಟೇ ಅಲ್ಲ, ಬ್ಯಾಟರಿ ಕೋಣೆಯ ಬಾಗಿಲೂ ಮುಚ್ಚಿದಂತೆಯೇ. ನಾನು ಪ್ರತಿಭಟಿಸಲು ಮುಂದೆ ಬಂದೆ. ಮೇಷ್ಟ್ರು ನನ್ನ ಕೋಟು ಹಿಡಿದು ಹಿಂದಕ್ಕೆಳೆದರು.

"ಇನ್ನೊಂದು ಸಲ ಮಾಡಿಸಿ," ಎಂದರು ಪರೀಕ್ಷಕರಿಗೆ. "ನನ್ನ ಮುಖ ನೋಡಬೇಡಿ, ಅವನ ಕೈ ನೋಡಿ."

ಹೊಸ ಸುತ್ತು ಆರಂಭವಾಯಿತೆಂದುಕೊಂಡ ಜವಾನ ರೂಢಿಯಂತೆ ಚೊಂಬೆತ್ತಿಕೊಂಡು ಬಂದ. ಸಿದ್ದಯ್ಯ ಪಿಪೆಟ್ಟನ್ನು ಎದೆಗವಚಿಕೊಂಡು ಹಿಂದೆ ಸರಿದ. ಆ ಕೋಣೆಯಲ್ಲಿ ಅವನು ಗಟ್ಟಿಯಾಗಿ ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ತೊಳೀಬ್ಯಾಡ ಕಣಣ್ಣ. ನೀರು ಸೋಕುದ್ರೆ ಕೆಟ್ಟೋಯ್ತದೆ."

ಹೀರಿದ, ಗೆರೆಗೆ ಇಳಿಸಿದ, ಅರಿಶಿನ ಹಾಕಿದ. ಕ್ಷಾರ ಮೊದಲು ಧಾರೆಯಾಗಿ, ಆಮೇಲೆ ಹನಿಯಾಗಿ, ಕೊನೆಗೆ ಬೀಳಲೋ ಬೇಡವೋ ಎಂದು ತುದಿಯಲ್ಲಿ ತೂಗಾಡಿ ಬಿದ್ದಿತು. ನನ್ನ ಕರಪತ್ರವೊಂದರ ಖಾಲಿ ಬೆನ್ನಿನ ಮೇಲೆ ಸೀಸೆ ಕುಂಕುಮವಾಯಿತು. ಪರೀಕ್ಷಕರು ಬಗ್ಗಿ ಬುರೆಟ್ಟಿನ ಗೆರೆ ನೋಡಿದರು. ಮೊದಲಿನ ಗೆರೆಯೇ. ಅವರು ಬಹಳ ಹೊತ್ತು ಸಿದ್ದಯ್ಯನನ್ನಲ್ಲ, ಜವಾನನ ಕೈಯಲ್ಲಿದ್ದ ಚೊಂಬನ್ನು ನೋಡಿದರು. ಉಳಿದವರಿಗೆಲ್ಲ ಇದರಿಂದಲೇ ತೊಳೆದಿರೋ ಎಂದು ಕೇಳಿದರು. ಜವಾನ ಹೆಮ್ಮೆಯಿಂದ, ಒಬ್ಬರನ್ನೂ ಬಿಟ್ಟಿಲ್ಲ ಬುದ್ಧಿ ಎಂದ. ಇಂತಹ ಕ್ರಮವನ್ನು ಯಾವ ಪುಣ್ಯಾತ್ಮರು ಹೇಳಿಕೊಟ್ಟರೆಂದು ಪರೀಕ್ಷಕರು ವಿಚಾರಿಸಿದಾಗ ವಕೀಲರು ಅಂಗಳದ ಹುಣಸೆಮರವನ್ನು ಮೊದಲ ಬಾರಿಗೆ ನೋಡುವವರಂತೆ ನೋಡುತ್ತಿದ್ದರು.

ಪರೀಕ್ಷಕರು ಒಂದು ದಯೆ ತೋರಿದರು. ಉಳಿದ ಆಮ್ಲದಲ್ಲಿ ಎಲ್ಲರೂ ಇನ್ನೊಮ್ಮೆ ಮಾಡಬಹುದು. ಆದರೆ ನೀರು ಸೋಕಕೂಡದು, ಪಿಪೆಟ್ಟು ಈಗ ಹೇಗಿದೆಯೋ ಹಾಗೆಯೇ. ಅದು ಸಿದ್ದಯ್ಯನ ಕೈಯಲ್ಲಿತ್ತು, ಅವನ ಬಾಯಿಂದ ಆಗಷ್ಟೇ ಇಳಿದಿತ್ತು. ಒಲ್ಲದವರು ಮುಂದಿನ ವರ್ಷ ಬರಬಹುದು.

ಸೀನು ತಂದೆಯನ್ನು ನೋಡಿದ. ವಕೀಲರು ಕಿಟಕಿಯ ಸರಳುಗಳ ನಡುವೆ ಮುಖವಿಟ್ಟು, ಆಮ್ಲವೆಂಬುದು ಸುಡುವ ವಸ್ತುವಾದ್ದರಿಂದ ಅಗ್ನಿಯ ಅಂಶವೆಂದು ಹೇಳಬಹುದಲ್ಲವೇ, ಅಗ್ನಿಗೆ ದೋಷವಿಲ್ಲವಲ್ಲವೇ ಎಂದು ಮೇಷ್ಟ್ರನ್ನು ಕೇಳಿದರು. ಹೌದೆಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮೇಷ್ಟ್ರಿಗೆ ಹಾಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಇದು ಬಹಳ ತೆಳು. ಸುಡೋದಿಲ್ಲ," ಎಂದರು. ವಕೀಲರು ಅದನ್ನು ಕೇಳಿಸಿಕೊಳ್ಳದೆ, ಅಗ್ನಿ, ಅಗ್ನಿ ಎಂದು ಮಗನಿಗೆ ಸನ್ನೆ ಮಾಡಿದರು. ಪಟೇಲರಿಗೆ ಅಷ್ಟು ಶಾಸ್ತ್ರ ಬೇಕಾಗಲಿಲ್ಲ.

"ಇಕ್ಕಲಾ ಬಾಯ, ಬಡ್ಡೇತದೆ. ಎಂಜ್ಲಾದ್ರೆ ಮುಕ್ಕಳಿಸ್ಕೋಬೋದು. ವರ್ಸ ಓಯ್ತು ಅಂದ್ರೆ ಏನ್ ಮಾಡೀಯೆ?"

ಬೋರೇಗೌಡ ಬಾಯಿಟ್ಟ. ಅವನ ಹಿಂದೆ ಸೀನು, ಸೀನುವಿನ ಹಿಂದೆ ಇಡೀ ತರಗತಿ. ಆ ಸುತ್ತಿನಲ್ಲಿ ಸಾಲಿನ ಮೊದಲನೆಯವನು ಸಿದ್ದಯ್ಯನೇ ಆಗಿದ್ದನೆಂಬುದನ್ನು ಯಾರೂ ಗಮನಿಸಲಿಲ್ಲ, ನಾನೊಬ್ಬನ ಹೊರತು. ಲೆಕ್ಕಗಳು ಒಂದಕ್ಕೊಂದು ಕೂಡಿದವು. ಸಿದ್ದಯ್ಯ ತೇರ್ಗಡೆಯಾಗಿ ಶಿವನಸಮುದ್ರಕ್ಕೆ ಹೋದ. ಪ್ರಯೋಗಶಾಲೆಯಿಂದ ಚೊಂಬು ಮಾಯವಾಯಿತು. ಇದರಿಂದ ಯಾರ ಹೃದಯವಾದರೂ ಬದಲಾಯಿತೆಂದು ಓದುಗರು ತಿಳಿಯಬಾರದು. ಅದೇ ಅಂಗಳದಲ್ಲಿ ಅದೇ ಜವಾನ ಅದೇ ಎತ್ತರದಿಂದ ಬೊಗಸೆಗಳಿಗೆ ನೀರು ಹೊಯ್ಯುವುದು ಮುಂದೆಯೂ ನಡೆಯಿತು.

ಆ ಸಂಜೆ ಮೇಷ್ಟ್ರ ಜೊತೆ ನಡೆದು ಹೋಗುವಾಗ, ಇದನ್ನೆಲ್ಲ ಮೊದಲೇ ಎಣಿಸಿ ಮಾಡಿದಿರಾ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನೀರು ಸೋಕಿಸಬೇಡಿ ಎಂದು ಮೊದಲ ದಿನವೇ ಹೇಳಿದ್ದೆನಲ್ಲ ಎಂದರು. ಸಮಾನತೆಯ ವಿಷಯ ಎತ್ತಿದೆ. "ಅದೆಲ್ಲ ನನಗೆ ತಿಳಿಯದಪ್ಪ. ಅಳತೆ ಸರಿಯಿರಬೇಕು," ಎಂದರು. ಆಮೇಲೆ ಮನೆಗೆ ಹೋಗಿ ಸ್ನಾನ ಮಾಡಿದರು. ಅದೂ ತಪ್ಪೇ. ನಾನು ಜಗುಲಿಯಲ್ಲಿ ಕುಳಿತು ನೀರು ಹೊಯ್ದುಕೊಳ್ಳುವ ಸದ್ದನ್ನು ಕೇಳಿದೆ.

ಸ್ವಾತಂತ್ರ್ಯ ಬಂದ ವರ್ಷ ಅವರಿಗೆ ನಿವೃತ್ತಿಯಾಯಿತು. ಮಗಳ ಊರಿಗೆ ಹೋಗಿ ನೆಲೆಸುವುದೆಂದು ನಿಶ್ಚಯಿಸಿದ್ದರು. ಮಂಡ್ಯದ ರೈಲ್ವೆ ನಿಲ್ದಾಣದಲ್ಲಿ ಬೀಳ್ಕೊಡಲು ನಾವೆಲ್ಲ ಸೇರಿದ್ದೆವು. ಪಟೇಲರೂ ವಕೀಲರೂ ಹಾರ ತಂದಿದ್ದರು. ಮೇಷ್ಟ್ರ ಪತ್ನಿ ಮಡಿಸೀರೆಯಲ್ಲಿ, ಕೂಜವನ್ನು ಮಡಿಲಲ್ಲಿಟ್ಟುಕೊಂಡು, ಗಾಡಿಯೊಳಗೆ ಕಿಟಕಿಯ ಪಕ್ಕ ಕುಳಿತಿದ್ದರು. ಹೊರಡುವ ಹೊತ್ತಿಗೆ ಸಿದ್ದಯ್ಯ ಓಡಿ ಬಂದ. ಕೈಯಲ್ಲಿ ಹಾರವಿರಲಿಲ್ಲ, ಬಿರಡೆ ಹಾಕಿದ ಬಾಟಲಿಯೊಂದಿತ್ತು, ಒಂದು ಗಾಜಿನ ಲೋಟವಿತ್ತು.

"ನೀವು ವರ್ಸೊರ್ಸ ಕೇಳ್ತಿದ್ರಲ್ಲ ಸಾ, ಬಟ್ಟಿ ನೀರು. ನಾನೇ ನಮ್ಮಟ್ಟೀಲಿ ಇಳ್ಸ್ದೆ. ಬರೋ ದಾರೀಲಿ ಅಬ್ಕಾರಿಯೋನು ಇಡ್ಕಂಡು ಮೂಸಿ ಮೂಸಿ ನೋಡ್ದ. ವಾಸ್ನೆ ಇಲ್ದಿದ್ ಕಂಡು ಬೇಜಾರಾಗಿ ಬುಟ್ಬುಟ್ಟ."

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಬಾಟಲಿಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು. ಜೇಬಿನಿಂದ ದಾಸವಾಳದ ಕಾಗದ ತೆಗೆದು, ಲೋಟಕ್ಕೆ ಸ್ವಲ್ಪ ನೀರು ಸುರಿದು, ಅದ್ದಿ ನೋಡಿದರು. ಕಾಗದ ಆಮ್ಲದ ಗುಲಾಬಿಗೂ ತಿರುಗಲಿಲ್ಲ, ಕ್ಷಾರದ ಹಸಿರಿಗೂ ತಿರುಗಲಿಲ್ಲ. ಅಲ್ಲಿಗೆ ಮುಗಿಯಿತೆಂದು ನಾನು ಭಾವಿಸಿದೆ. ಅವರು ಬಾಟಲಿಯನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಡುತ್ತಾರೆ, ಎಂದೋ ಯಾವುದೋ ಪ್ರಯೋಗಕ್ಕೆ ಬಳಸುತ್ತಾರೆ. ಅವರು ಲೋಟದಲ್ಲಿದ್ದುದನ್ನು ಚೆಲ್ಲಿ, ಅದನ್ನು ತೊಳೆಯಲು ಅಣಿಯಾದರು. ಸಿದ್ದಯ್ಯ ಮುಟ್ಟಿದ ಲೋಟವೆಂದೇ ತೊಳೆಯುತ್ತಾರೆಂದುಕೊಂಡೆ. ಸಿದ್ದಯ್ಯ ನೆಲ ನೋಡಿದ. ಕಿಟಕಿಯಿಂದ ಅವರ ಪತ್ನಿ ತಮ್ಮ ಕೂಜವನ್ನು ಹೊರಗೆ ನೀಡಿದರು.

ಮೇಷ್ಟ್ರು ಕೂಜವನ್ನು ನೋಡಲಿಲ್ಲ. ಸಿದ್ದಯ್ಯನ ಬಾಟಲಿಯಿಂದಲೇ ಲೋಟಕ್ಕೆ ಸ್ವಲ್ಪ ಸುರಿದು, ಒಂದು ಸುತ್ತು ಆಡಿಸಿ, ಹಳಿಯ ಮೇಲೆ ಚೆಲ್ಲಿದರು. ಯಾವುದನ್ನು ಅಳೆಯಬೇಕೋ ಅದರಿಂದಲೇ. ಆಮೇಲೆ ಲೋಟವನ್ನು ಪೂರ್ತಿ ತುಂಬಿದರು. ಎತ್ತಿ ಹೊಯ್ದುಕೊಳ್ಳಲಿಲ್ಲ, ಪಿಪೆಟ್ಟಿಗೆ ಬಾಯಿಡುವಂತೆ ಅಂಚಿಗೆ ತುಟಿಯಿಟ್ಟು, ಹಾರ ಹಿಡಿದು ನಿಂತ ಊರಿನೆದುರು, ಕೊನೆಯ ಹನಿಯವರೆಗೆ ಕುಡಿದರು. ಗಾಡಿ ಕೂಗಿತು. ಪತ್ನಿ ಮೆಲ್ಲನೆ ಕೂಜವನ್ನು ಒಳಗೆಳೆದುಕೊಂಡು, ಗಾಡಿ ಹೋಗಲಿದ್ದ ಯಲಿಯೂರಿನ ಕಡೆ ಮುಖ ತಿರುಗಿಸಿದರು.

ಇಷ್ಟು ವರ್ಷಗಳ ಮೇಲೆ ಇವರಿಂದ ಒಂದು ಮಾತು ಬಂದೀತೆಂದು ನಾನು ಕಾದೆ. ಸಿದ್ದಯ್ಯನೂ ತಲೆಯೆತ್ತಿ ಕಾದ. ಅವರು ನಾಲಿಗೆಯನ್ನು ಬಾಯೊಳಗೆ ಒಮ್ಮೆ ಆಡಿಸಿ, ಲೋಟವನ್ನು ಅವನ ಕೈಗೆ ಹಿಂದಿರುಗಿಸಿದರು.

"ಸಪ್ಪೆ," ಎಂದರು. "ಸರಿಯಾಗಿದೆ."